ಲಾರಿ ಕ್ಯಾಬಿನ್ನಿನಲ್ಲಿ ಡ್ರೈವರ್ ಮುಖಕ್ಕೆ ಕ್ಯಾಮೆರಾ ಹಾಕಿದ್ದಾರೆ. ಟೇಪ್ ಹಚ್ಚಬಹುದಾ, ಕೆಲಸ ಬಿಡಬೇಕಾ?

ಟೇಪ್ ಹಚ್ಚಬೇಡಿ. ಕೆಲಸವನ್ನೂ ಈಗಲೇ ಬಿಡಬೇಡಿ. "ದಿನವಿಡೀ ಯಾರೋ ಎದುರು ಕೂತು ಮುಖ ನೋಡಿದ ಹಾಗಾಗುತ್ತೆ" ಅಂತ ಬರೆದಿದ್ದೀರಲ್ಲ, ನನಗೂ ಹಾಗೇ ಆಗುತ್ತಿತ್ತು. ಆಗ ಹುಬ್ಬಳ್ಳಿಯ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಹತ್ತು ಚಕ್ರದ ಗಾಡಿ ಓಡಿಸುತ್ತಿದ್ದೆ. ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ತುಂಬಿಕೊಂಡು ಪುಣೆ ಕಡೆ ಹೋಗೋದು, ಬರುವಾಗ ಸಿಕ್ಕ ಲೋಡ್ ತರೋದು. ಒಂದು ದಿನ ಸ್ಟೇರಿಂಗ್ ಮುಂದೆ ಕ್ಯಾಮೆರಾ ಕೂರಿಸಿದರು. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಎಲ್ಲರೂ ಹಾಕಿದರು, ನಾನೂ ಹಾಕಿದೆ.

ಆ ಕ್ಯಾಮೆರಾದಲ್ಲಿ ಇನ್‌ಫ್ರಾರೆಡ್ ಬೆಳಕು ಇರುತ್ತೆ, ಹಾಗಾಗಿ ಕತ್ತಲಲ್ಲೂ ಮುಖ ಸರಿಯಾಗಿ ಕಾಣುತ್ತೆ. ಕಣ್ಣಿನ ರೆಪ್ಪೆ ಎಷ್ಟು ಹೊತ್ತು ಮುಚ್ಚಿದೆ, ತಲೆ ಯಾವ ಕಡೆ ತಿರುಗಿದೆ, ಕೈ ಕಿವಿ ಹತ್ತಿರ ಹೋಯಿತಾ ಅಂತ ಲೆಕ್ಕ ಹಾಕುತ್ತಲೇ ಇರುತ್ತೆ. ಅನುಮಾನ ಬಂದರೆ ಬೀಪ್ ಹೊಡೆಯುತ್ತೆ. ಕೆಲವು ಸೆಕೆಂಡಿನ ವಿಡಿಯೋ ತುಣುಕನ್ನು ಸಿಮ್ ಮೂಲಕ ಆಫೀಸಿಗೆ ಕಳಿಸುತ್ತೆ. ಕಿವಿ ತುರಿಸಿಕೊಂಡರೂ ಫೋನ್ ಹಿಡಿದ ಅಂತ ಬರೆದುಕೊಳ್ಳಬಹುದು. ಯಾಕೆ ತಲೆ ತಿರುಗಿತು ಅನ್ನೋದು ಅದಕ್ಕೆ ಗೊತ್ತಾಗೋದಿಲ್ಲ. ನನಗೆ ಪೆಟ್ಟು ಬಿದ್ದದ್ದು ಅಲ್ಲೇ.

ಗಬ್ಬೂರು ದಾಟಿ ಧಾರವಾಡದ ಕಡೆ ಬೈಪಾಸಿನಲ್ಲಿ ಹೊರಟಿದ್ದೆ. ಆಗ ಅದು ಎರಡೇ ಲೇನಿನ ರಸ್ತೆ, ನಡುವೆ ಡಿವೈಡರ್ ಇಲ್ಲ. ಎಡಗಡೆ ಒಂದು ಬೈಕ್ ನುಗ್ಗಿ ಬರುತ್ತಿತ್ತು. ಲಾರಿಯ ಎಡ ಮಗ್ಗುಲು ನಮಗೆ ಸರಿಯಾಗಿ ಕಾಣೋದಿಲ್ಲ, ಹಾಗಾಗಿ ಎಡಗನ್ನಡಿ ನೋಡಿದೆ. ಅದೇ ಹೊತ್ತಿಗೆ ಎದುರಿನಿಂದ ಒಂದು ಕಾರು ಓವರ್‌ಟೇಕ್ ಮಾಡುತ್ತಾ ನನ್ನ ಲೇನಿಗೆ ಬಂತು. ಬ್ರೇಕ್ ಒತ್ತಿದೆ. ಬೈಕ್ ಹಿಂದೆ ಸರಿದಿತ್ತು, ಗಾಡಿ ಎಡಕ್ಕೆ ಎಳೆದೆ. ಮುಂಭಾಗ ಮೋರಿ ಕಟ್ಟೆಗೆ ಬಡಿಯಿತು. ಕ್ಲೀನರ್ ಹುಡುಗನ ಕೈ ಮುರಿಯಿತು. ಕಾರು ನಿಲ್ಲಲಿಲ್ಲ.

ಆಫೀಸಿನಲ್ಲಿ ನನಗೆ ತೋರಿಸಿದ್ದು ಮುಖದ ತುಣುಕು ಮಾತ್ರ. ಅದರಲ್ಲಿ ನನ್ನ ಕಣ್ಣು ಎಡಕ್ಕಿದೆ, ಆಮೇಲೆ ಗಾಡಿ ಅದುರುತ್ತೆ. "ನೋಡಪಾ, ಕಣ್ಣು ರೋಡಿನ ಮ್ಯಾಲ ಇಲ್ಲ. ಇನ್ನೇನು ಹೇಳ್ತಿ?" ಅಂದರು ಸೂಪರ್‌ವೈಸರ್.

ನನ್ನ ಗಾಡಿಯಲ್ಲಿ ರಸ್ತೆ ನೋಡುವ ಕ್ಯಾಮೆರಾ ಬೇರೆ ಇತ್ತು, ಅದರ ರೆಕಾರ್ಡಿಂಗ್ ಮೆಮೊರಿ ಕಾರ್ಡಿನಲ್ಲಿ ಮಾತ್ರ ಉಳಿಯುತ್ತಿತ್ತು. ಕಾರು ಅದರಲ್ಲಿ ಬಿದ್ದೇ ಇರಬೇಕು. ಅವತ್ತೇ ಫೋನ್ ಮಾಡಿ "ಮುಂದಿನ ಕ್ಯಾಮೆರಾದ್ದೂ ತೆಗೆಸಿ ಸರ್" ಅಂದೆ. "ಆಯ್ತು, ತೆಗೆಸೋಣ" ಅಂದರು. ನಾನು ನಂಬಿದೆ. ತಪ್ಪು ಮಾಡಿದ್ದು ಇಲ್ಲೇ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೆಮೊರಿ ಕಾರ್ಡ್ ತುಂಬಿದ ಮೇಲೆ ಹೊಸ ರೆಕಾರ್ಡಿಂಗ್ ಹಳೆಯದರ ಮೇಲೇ ಕೂರುತ್ತೆ. ಯಾರೂ ಅಳಿಸಬೇಕಾಗಿಲ್ಲ, ಗಾಡಿ ಓಡಿದರೆ ಸಾಕು. ಗಾಡಿ ರಿಪೇರಿಯಾಗಿ ಬೇರೆ ಡ್ರೈವರ್ ಕೈಯಲ್ಲಿ ಮತ್ತೆ ರಸ್ತೆಗಿಳಿಯಿತು. ನಾನು ಕೇಳಲು ಹೋಗುವಷ್ಟರಲ್ಲಿ ಆ ದಿನದ್ದು ಹೋಗಿಬಿಟ್ಟಿತ್ತು. ಫೋನಿನಲ್ಲಿ ಕೇಳಿದ್ದಕ್ಕೆ ನನ್ನ ಹತ್ತಿರ ಏನು ಗುರುತಿದೆ? ಅವತ್ತೇ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಬೇಕಿತ್ತು. ಗಾಡಿ ನಂಬರ್, ತಾರೀಖು, ಸಮಯ, ಜಾಗ. ಘಟನೆಗೆ ಅರ್ಧ ಗಂಟೆ ಮುಂಚಿನಿಂದ ಎರಡೂ ಕ್ಯಾಮೆರಾದ ಪೂರ್ತಿ ರೆಕಾರ್ಡಿಂಗ್ ಉಳಿಸಿ, ಕಾರ್ಡ್ ಹೊರಗೆ ತೆಗೆದಿಡಿ, ಒಂದು ಪ್ರತಿ ನನಗೂ ಕೊಡಿ ಅಂತ. ಇನ್ಶೂರೆನ್ಸ್ ಸರ್ವೇಯರ್ ಗಾಡಿ ನೋಡಲು ಬಂದಾಗ ಅವರಿಗೂ ಕಾರ್ಡ್ ವಿಷಯ ಹೇಳಬೇಕಿತ್ತು. ಬರೆದು ಕೇಳಿದ್ದರೆ ಕಂಪನಿಯವರು ಉಳಿಸಲೇಬೇಕಾಗುತ್ತಿತ್ತು, ಇಲ್ಲವೇ ಯಾಕೆ ಉಳಿಸಲಿಲ್ಲ ಅಂತ ಉತ್ತರ ಹೇಳಬೇಕಾಗುತ್ತಿತ್ತು. ನಾನು ಸುಮ್ನೆ ಬಾಯಿ ಮಾತಿನಲ್ಲಿ ಬಿಟ್ಟೆ. ಬರಬೇಕಿದ್ದ ಸಂಬಳ ರಿಪೇರಿ ಖರ್ಚಿಗೆ ಹಿಡಿದುಕೊಂಡರು, ಕೆಲಸವೂ ಹೋಯಿತು.

ಹಾಗಾಗಿ "ಕ್ಯಾಮೆರಾ ಬೇಕಾ ಬೇಡವಾ" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಕಣ್ಣು ಮುಚ್ಚಿದರೆ ಕೂಗಿ ಎಬ್ಬಿಸುವ ಸಾಧನ ಬೇಡ ಅನ್ನಲು ನನಗೆ ಬಾಯಿ ಬರೋದಿಲ್ಲ. 2024ರ ಜೂನ್‌ನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಹತ್ತಿರ, ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರ್ ಗುದ್ದಿ 13 ಜನ ಸತ್ತರು. ಬೆಳಗಿನ ಜಾವ. ಆ ಹೊತ್ತು ಎಂಥದ್ದು ಅಂತ ರಾತ್ರಿ ಗಾಡಿ ಓಡಿಸುವ ನಮಗೆ ಗೊತ್ತಿದೆ, ಅಲ್ವಾ? ಆದರೆ ಆಕಳಿಸಿದ ಅಂತ ತುಣುಕು ಬಂದರೆ ಆಫೀಸಿನವರು ಮಾಡಬೇಕಾದ್ದು "ಗಾಡಿ ಸೈಡಿಗೆ ಹಾಕಿ ಮಲಗು" ಅನ್ನೋದು. ನಮ್ಮಲ್ಲಿ ದಂಡ ಹಾಕುತ್ತಿದ್ದರು, ಲೋಡ್ ಮಾತ್ರ ಹೇಳಿದ ಹೊತ್ತಿಗೇ ಮುಟ್ಟಬೇಕಿತ್ತು. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಹೇಳಿತ್ತು. ಆ ಲೆಕ್ಕ ಇಡುವ ಕ್ಯಾಮೆರಾ ನಾನಂತೂ ಯಾವ ಆಫೀಸಿನಲ್ಲೂ ನೋಡಿಲ್ಲ.

ಕಾನೂನಿನ ಬಲದಿಂದಲೇ ಕ್ಯಾಮೆರಾ ತೆಗೆಸುತ್ತೇನೆ ಅಂದುಕೊಂಡಿದ್ದರೆ ಅದೂ ಸುಲಭವಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು, ನಿಜ. ಆ ಕೇಸು ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಆದರೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ 7ನೇ ಕಲಂ ಓದಿ. ಕೆಲಸದ ಉದ್ದೇಶಕ್ಕೆ, ತನಗೆ ನಷ್ಟ ಆಗದ ಹಾಗೆ ನೋಡಿಕೊಳ್ಳೋದಕ್ಕೆ ಮಾಲೀಕ ನೌಕರನ ಡೇಟಾ ಬಳಸಬಹುದು ಅಂತ ಅದರಲ್ಲಿದೆ. ಅದಕ್ಕೆ ನಿಮ್ಮ ಒಪ್ಪಿಗೆ ಬೇಕಿಲ್ಲ.

ನೀವು ಜಗಳ ಆಡಬೇಕಾದ್ದು ಗಾಡಿ ನಿಂತ ಹೊತ್ತಿಗಾಗಿ. ಓಡುವಾಗ ನನ್ನ ಕಣ್ಣು ನೋಡಲಿ, ಅದು ರಸ್ತೆಯ ಮೇಲಿರುವ ಎಲ್ಲರ ಜೀವದ ವಿಷಯ. ಎಂಜಿನ್ ಆಫ್ ಆದ ಮೇಲೆ ಆ ಕ್ಯಾಬಿನ್ ನಮ್ಮ ಮನೆ. ಅಲ್ಲೇ ಬಟ್ಟೆ ಬದಲಿಸುತ್ತೇವೆ, ಅಲ್ಲೇ ಮಲಗುತ್ತೇವೆ, ಹೆಂಡತಿ ಮಕ್ಕಳ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತೇವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕಡ್ಡಾಯವಾಗಿದೆ, ಆದರೆ ನಮ್ಮ ಹಳೇ ಗಾಡಿಗಳಲ್ಲಿ ಎಲ್ಲಿದೆ? ಏಪ್ರಿಲ್ ಬಿಸಿಲಿನಲ್ಲಿ ಗದಗ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಅಂಗಿ ಬಿಚ್ಚಿ ಮಲಗಿದವನನ್ನು ಆಫೀಸಿನಲ್ಲಿ ಕೂತವರು ನೋಡುವ ಅಗತ್ಯವೇನು? ಮಾತು ರೆಕಾರ್ಡ್ ಆಗುತ್ತಾ ಅಂತಲೂ ಕೇಳಿ. ಆಗುತ್ತೆ ಅಂದರೆ ನಿಲ್ಲಿಸಲು ಹೇಳಿ, ನಿದ್ದೆ ಹಿಡಿಯಲು ಮೈಕ್ ಬೇಕಾಗಿಲ್ಲ. ವಿಡಿಯೋ ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ, ಅಪಘಾತ ಆದರೆ ಡ್ರೈವರಿಗೂ ಎರಡೂ ಕ್ಯಾಮೆರಾದ ಪ್ರತಿ ಕೊಡುತ್ತಾರಾ ಅನ್ನೋದನ್ನು ಬರೆಸಿಕೊಳ್ಳಿ. ಒಬ್ಬರೇ ಹೋಗಬೇಡಿ, ನಿಮ್ಮ ಆಫೀಸಿನ ನಾಲ್ಕು ಡ್ರೈವರುಗಳನ್ನು ಕರೆದುಕೊಂಡು ಹೋಗಿ.

ಗಾಡಿ ನಿಂತ ಮೇಲೂ ಒಳಗಿನ ಕ್ಯಾಮೆರಾ ಓಡಲೇಬೇಕು ಅಂತ ಅವರು ಹಟ ಹಿಡಿದರೆ ಆಗ ಕೆಲಸ ಬಿಡಿ. ನಾನು ಈಗ ಓಡಿಸುವ ಗಾಡಿಯಲ್ಲಿ ಎರಡೂ ಕ್ಯಾಮೆರಾ ಇವೆ. ಎಂಜಿನ್ ಆಫ್ ಮಾಡಿದರೆ ಒಳಗಿನದೂ ಆಫ್ ಆಗುತ್ತೆ ಅಂತ ಮಾಲೀಕರಿಂದ ಬರೆಸಿಕೊಂಡ ಮೇಲೇ ಕೀ ಇಸ್ಕೊಂಡೆ.