ವೋಲ್ಫ್ರಾಮ್ ಸಿಂಡ್ರೋಮ್: ಪ್ರಯೋಗದಲ್ಲಿರುವ ಔಷಧವನ್ನು ನಾವೇ ಶುರುಮಾಡಬಹುದೇ?

ಪ್ರಶ್ನೆ: ಮಗಳಿಗೆ 6ನೇ ವಯಸ್ಸಿನಲ್ಲಿ ಮಧುಮೇಹ ಬಂತು. ಈಗ 11, ದೃಷ್ಟಿನರ ಸೊರಗಿದೆ, ವೋಲ್ಫ್ರಾಮ್ ಸಿಂಡ್ರೋಮ್ ಎಂಬ ಅಪರೂಪದ ಆನುವಂಶಿಕ ರೋಗ ಇರಬಹುದು ಎಂದಿದ್ದಾರೆ. ಇದಕ್ಕೆ ಪ್ರಯೋಗಿಸಿರುವ ವಾಲ್ಪ್ರೊಯೇಟ್ ಎಂಬ ಅಪಸ್ಮಾರದ ಔಷಧ ಅಂಗಡಿಯಲ್ಲೇ ಸಿಗುತ್ತದೆ. ನಾವೇ ಕೊಡಬಹುದೇ?

ಉತ್ತರ: ಕೊಡಬೇಡಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಇದಕ್ಕೇ ಹೆಚ್ಚು ಜಾಗ. ನಿಮ್ಮ ಪತ್ರದಲ್ಲಿ ನನಗೆ ದಿಗಿಲು ಹುಟ್ಟಿಸಿದ್ದು ‘ಇರಬಹುದು’ ಎಂಬ ಮಾತು. ಮಧುಮೇಹ, ದೃಷ್ಟಿನರದ ಸೊರಗು, ಕಿವುಡುತನ ಇವು ಕೆಲವು ಮೈಟೊಕಾಂಡ್ರಿಯ (ಕೋಶಕ್ಕೆ ಶಕ್ತಿ ಒದಗಿಸುವ ಕಣದಂಗ) ರೋಗಗಳಲ್ಲೂ ಕಾಣಿಸುತ್ತವೆ. ಆ ಗುಂಪಿನಲ್ಲಿ ಪಿಒಎಲ್‌ಜಿ ವಂಶವಾಹಿಯ ದೋಷವಿರುವವರಿಗೆ ವಾಲ್ಪ್ರೊಯೇಟ್ ಕೊಟ್ಟರೆ ಯಕೃತ್ತು ಪ್ರಾಣ ಹೋಗುವಷ್ಟು ಕೆಡಬಹುದು. ಆದ್ದರಿಂದ ಮೊದಲು ವಂಶವಾಹಿ ಪರೀಕ್ಷೆ ಆಗಲಿ. ದೋಷವಿದ್ದರೆ ವೋಲ್ಫ್ರಾಮ್ ಸಿಂಡ್ರೋಮ್ ತರುವ ಡಬ್ಲ್ಯುಎಫ್‌ಎಸ್1 ವಂಶವಾಹಿ 1998ರಲ್ಲೇ ಪತ್ತೆಯಾಗಿರುವಾಗ ಊಹೆಯ ಮೇಲೆ ಔಷಧ ಬರೆಯುವವರನ್ನು ನಾನು ವೈದ್ಯರೆಂದು ಕರೆಯಲಾರೆ. ರೋಗ ಖಚಿತವಾದರೂ ಅಪಾಯ ತೀರುವುದಿಲ್ಲ: ಮುಂದೆ ಗರ್ಭಧರಿಸಿದಾಗ ಈ ಔಷಧ ನಡೆಯುತ್ತಿದ್ದರೆ ಭ್ರೂಣಕ್ಕೆ ತೀವ್ರ ಹಾನಿಯಾಗಬಹುದು.

ಪ್ರಯೋಗಾಲಯದ ಕೋಶಗಳಲ್ಲಿ ಕಂಡ ಲಾಭ ಮನುಷ್ಯರಲ್ಲಿ ಕಾಣದೆ ಹೋಗುವುದು ಈ ರೋಗದಲ್ಲೂ ಆಗಿದೆ. ಆ ವಂಶವಾಹಿ ತಯಾರಿಸುವ ವೋಲ್ಫ್ರಾಮಿನ್ ಪ್ರೋಟೀನು ಕೆಟ್ಟಾಗ, ಕೋಶದೊಳಗೆ ಪ್ರೋಟೀನುಗಳನ್ನು ಮಡಚಿ ಸಿದ್ಧಪಡಿಸುವ ಕಣದಂಗದಲ್ಲಿ ಕ್ಯಾಲ್ಸಿಯಂ ಸಮತೋಲನ ತಪ್ಪಿ ಇನ್ಸುಲಿನ್ ಸ್ರವಿಸುವ ಕೋಶಗಳೂ ನರಕೋಶಗಳೂ ಸಾಯುತ್ತವೆ. ಆ ಕಣದಂಗದಿಂದ ಕ್ಯಾಲ್ಸಿಯಂ ಸೋರುವುದನ್ನು ತಡೆಯಲೆಂದು ಡ್ಯಾಂಟ್ರೊಲೀನ್ ಎಂಬ ಸ್ನಾಯು ಸಡಿಲಿಸುವ ಔಷಧವನ್ನು ಕೊಟ್ಟು ನೋಡಿದರು. 2021ರಲ್ಲಿ ಪ್ರಕಟವಾದ ಆ ಸಣ್ಣ ಅಧ್ಯಯನದಲ್ಲಿ ರೋಗಿಗಳು ಔಷಧವನ್ನು ತಾಳಿಕೊಂಡರು, ಆದರೆ ಒಟ್ಟಾರೆ ಗಣನೀಯ ಸುಧಾರಣೆ ಕಾಣಲಿಲ್ಲ. ರೋಗ ಸಾಗುವುದು ವರ್ಷಗಟ್ಟಲೆ, ಒಬ್ಬೊಬ್ಬರಲ್ಲಿ ಒಂದೊಂದು ವೇಗದಲ್ಲಿ. ಮನೆಯಲ್ಲಿ ಮಾತ್ರೆ ನುಂಗಿಸಿ ಮೂರು ತಿಂಗಳು ದೃಷ್ಟಿ ಹಾಗೇ ಉಳಿದರೆ ಅದು ಔಷಧದ ಗುಣವೋ ರೋಗದ ನಡಿಗೆಯೋ ಎಂದು ನಾನೂ ಹೇಳಲಾರೆ. ಪ್ರತಿವರ್ಷ ದೃಷ್ಟಿ, ಶ್ರವಣ, ಮಿದುಳಿನ ಎಂಆರ್‌ಐ ಅಳತೆಗಳನ್ನು ಒಂದೇ ಕ್ರಮದಲ್ಲಿ ಮಾಡಿಸಿ ಇಟ್ಟುಕೊಳ್ಳಿ. ಪ್ರಯೋಗಕ್ಕೆ ಸೇರುವ ಅವಕಾಶ ಬಂದಾಗ ಸಂಶೋಧಕರು ಮೊದಲು ಕೇಳುವುದು ಅವನ್ನೇ.

ಪ್ರಶ್ನೆ: ಕಾಂಡಕೋಶ (ಸ್ಟೆಮ್ ಸೆಲ್) ಚುಚ್ಚಿಸಿದರೆ ದೃಷ್ಟಿ ಮರಳುತ್ತದೆಯೇ?

ಉತ್ತರ: ಹಾಗೆಂದು ಹಣ ಕೇಳುವವರು ವಂಚಕರು.

ಪ್ರಶ್ನೆ: ಪಥ್ಯ ಮಾಡಿದರೆ ಇನ್ಸುಲಿನ್ ಬಿಡಬಹುದೇ?

ಉತ್ತರ: ಇಲ್ಲ.

ಪ್ರಶ್ನೆ: ಸಕ್ಕರೆ ಹತೋಟಿಯಲ್ಲಿದ್ದರೂ ಮಗ ರಾತ್ರಿಯಿಡೀ ಮೂತ್ರಕ್ಕೆ ಏಳುತ್ತಾನೆ. ಏಕೆ?

ಉತ್ತರ: ಈ ರೋಗದಲ್ಲಿ ಮೂತ್ರ ಹಿಡಿದಿಡುವ ಹಾರ್ಮೋನು ಕಡಿಮೆಯಾಗಬಹುದು, ಮೂತ್ರಕೋಶದ ನರಗಳೂ ಸೋಲಬಹುದು. ಮೊದಲನೆಯದಕ್ಕೆ ಡೆಸ್ಮೊಪ್ರೆಸಿನ್ ಎಂಬ ಔಷಧ ಇದೆ, ಆದರೆ ಪ್ರಮಾಣ ಮೀರಿದರೆ ರಕ್ತದ ಸೋಡಿಯಂ ಕುಸಿಯುತ್ತದೆ. ಎರಡನ್ನೂ ಪರೀಕ್ಷಿಸದೆ ಇನ್ಸುಲಿನ್ ಏರಿಸುತ್ತ ಹೋಗಬೇಡಿ.