ಹಾವು ಹೊದ್ದ ಸಂತನನ್ನು ನೋಡಲು ಹೋಗಬೇಕೇ?

ಪ್ರಶ್ನೆ: ಮಗಳು ರೋಮ್‌ನಲ್ಲಿದ್ದಾಳೆ. ಏಪ್ರಿಲ್ ಕೊನೆಗೆ ನಾವಿಬ್ಬರೂ ಅಲ್ಲಿಗೆ ಹೊರಟಿದ್ದೇವೆ. ಕೊಕುಲ್ಲೊ ಎಂಬ ಬೆಟ್ಟದೂರಿನಲ್ಲಿ ಸಂತನ ಮೂರ್ತಿಯ ಮೇಲೆ ಜೀವಂತ ಹಾವು ಬಿಟ್ಟು ಮೆರವಣಿಗೆ ಮಾಡ್ತಾರಂತೆ. ನಮ್ಮ ಯಜಮಾನರಿಗೆ ಅದನ್ನು ನೋಡಲೇಬೇಕು. ನನಗೋ ಹಾವೆಂದರೆ ಜೀವ ಬಾಯಿಗೆ ಬರುತ್ತದೆ. ವಿಷದ ಹಾವೇ? ರೋಮ್‌ನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದೇ?

ಉತ್ತರ: ವಿಷದ ಮಾತು ಮೊದಲು ಮುಗಿಸಿಬಿಡೋಣ. ಅಲ್ಲಿ ಹಿಡಿಯುವುದು ನಾಲ್ಕು ಜಾತಿಯ ಹಾವು. ನಾಲ್ಕಕ್ಕೂ ವಿಷವಿಲ್ಲ. ಜಾಸ್ತಿ ಕಾಣುವುದು ಚೆರ್ವೋನೆ. ಮೈಯುದ್ದಕ್ಕೂ ನಾಲ್ಕು ಕಪ್ಪು ಗೆರೆ, ಎರಡು ಮೀಟರ್‌ವರೆಗೂ ಬೆಳೆಯುತ್ತದೆ, ಸ್ವಭಾವದಲ್ಲಿ ಸಾಧು. ಇದು ಹಸುವಿನ ಕೆಚ್ಚಲಿಗೆ ಬಾಯಿ ಹಾಕಿ ಹಾಲು ಕುಡಿಯುತ್ತದೆ ಎಂದು ಅಲ್ಲಿನ ಹಳಬರು ನಂಬಿದ್ದರು. ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ಸುಳ್ಳೇ, ಬಿಡಿ.

ಹುಲ್ಲುಹಾವಿನಿಂದ ಮಾತ್ರ ದೂರವಿರಿ. ಅದು ಕಚ್ಚುವುದು ಅಪರೂಪ. ಹೆದರಿದರೆ ಗಬ್ಬುನಾತದ ದ್ರವ ಬಿಟ್ಟು, ಬಾಯಿ ತೆರೆದು ಸತ್ತಂತೆ ಬಿದ್ದುಕೊಳ್ಳುತ್ತದೆ. ಹತ್ತು ವರ್ಷದ ಹುಡುಗನೊಬ್ಬ ನಗುನಗುತ್ತಾ ನನ್ನ ಕೈಗಿಟ್ಟಿದ್ದು ಅದನ್ನೇ. ಎರಡು ಸಲ ಸೋಪು ಹಾಕಿ ತೊಳೆದರೂ ರಾತ್ರಿ ಊಟದ ಹೊತ್ತಿಗೆ ಅಂಗೈ ನಾರುತ್ತಿತ್ತು.

ಕೊಕುಲ್ಲೊ ಇರುವುದು ಅಬ್ರುಟ್ಸೊ ಪ್ರಾಂತ್ಯದ ಬೆಟ್ಟಗಳಲ್ಲಿ, ಸುಮಾರು 900 ಮೀಟರ್ ಎತ್ತರದಲ್ಲಿ. ಊರಲ್ಲಿ ವರ್ಷವಿಡೀ ಇರುವವರು ಇನ್ನೂರರ ಆಸುಪಾಸು. ಹಬ್ಬ ಮೊದಲು ಮೇ ತಿಂಗಳ ಮೊದಲ ಗುರುವಾರ ನಡೆಯುತ್ತಿತ್ತು, 2012ರಿಂದ ಮೇ 1ಕ್ಕೆ ಬಂದಿದೆ. ಅವತ್ತು ಇಟಲಿಗೇ ರಜೆ. ಆ ಸಣ್ಣ ಊರಿಗೆ ಸಾವಿರಗಟ್ಟಲೆ ಜನ ನುಗ್ಗುತ್ತಾರೆ. ಹಾಗಾಗಿ ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬೇಡ. ಹಿಂದಿನ ರಾತ್ರಿ ಹತ್ತಿರದ ಸುಲ್ಮೋನದಲ್ಲಿ ಉಳಿಯಿರಿ. ಬಣ್ಣದ ಸಕ್ಕರೆ ಹೊದಿಸಿದ ಬಾದಾಮಿಗೆ ಹೆಸರಾದ ಊರು ಅದು. ರೋಮ್‌ನಿಂದ ರೈಲಿದೆ. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಿ, ಮರೆತರೆ ದಂಡ.

ಬೆಳಿಗ್ಗೆ ಬೇಗ ಹೋಗಿ, ಮೊದಲು ಚರ್ಚಿನೊಳಗೆ ನಡೆಯಿರಿ. ಹೆಚ್ಚಿನ ಪ್ರವಾಸಿಗಳು ಇದನ್ನು ಬಿಟ್ಟು ಹಾವಿನ ಹಿಂದೆ ಓಡುತ್ತಾರೆ. ನನಗೆ ಇದೇ ಜಾಸ್ತಿ ಹಿಡಿಸಿತು. ಸಂತ ದೊಮೆನಿಕೊ 1031ರಲ್ಲಿ ತೀರಿಕೊಂಡವರು. ಅವರ ಒಂದು ದವಡೆ ಹಲ್ಲನ್ನು ಅಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಹಾವು ಕಡಿತಕ್ಕೂ ಹಲ್ಲುನೋವಿಗೂ ಅವರದೇ ರಕ್ಷೆ. ಅದಕ್ಕೇ ಜನ ಸಾಲಾಗಿ ನಿಂತು ಗಂಟೆಯ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾರೆ. ನನ್ನ ಮುಂದಿದ್ದ ಅಜ್ಜಿ ಕಟ್ಟಿಸಿದ ಹಲ್ಲು ತೆಗೆದು ಕರವಸ್ತ್ರದಲ್ಲಿ ಸುತ್ತಿಟ್ಟು, ಬರಿ ಒಸಡಿನಲ್ಲೇ ಎಳೆದರು. ಗಂಟೆ ಟಣ್ ಅಂತು! ಮೂರ್ತಿಯ ಹಿಂದಿನಿಂದ ಒಂದು ಹಿಡಿ ಮಣ್ಣು ಒಯ್ಯುವವರೂ ಇದ್ದಾರೆ, ಹೊಲಕ್ಕೆ ಎರಚಲು.

ಮಧ್ಯಾಹ್ನದ ಹೊತ್ತಿಗೆ ಮೂರ್ತಿ ಹೊರಗೆ ಬರುತ್ತದೆ. ಹಾವು ಹಿಡಿಯುವವರಿಗೆ ಸೆರ್ಪಾರಿ ಎನ್ನುತ್ತಾರೆ. ಅವರು ಒಂದೊಂದಾಗಿ ಹಾವುಗಳನ್ನು ಸಂತನ ಕೊರಳಿಗೆ, ಭುಜಕ್ಕೆ ಹಾಕುತ್ತಾರೆ. ಅವು ಸುಮ್ನೆ ಇರುವುದಿಲ್ಲ, ಕೈಗೆ ಸುತ್ತಿಕೊಂಡು ತಲೆಯ ಮೇಲೇರುತ್ತವೆ. ಹಾವು ಸಂತನ ಕಣ್ಣಿಗೆ ಅಡ್ಡ ಬಂದರೆ ಅಪಶಕುನವಂತೆ. ಜೊತೆಗೆ ಹುಡುಗಿಯರು ಚಾಂಬೆಲ್ಲಿ ಎಂಬ ಬಳೆಯಾಕಾರದ ಸಿಹಿ ರೊಟ್ಟಿಯ ಬುಟ್ಟಿ ತಲೆಯ ಮೇಲೆ ಹೊತ್ತು ನಡೆಯುತ್ತಾರೆ. ಬಾಲ ಕಚ್ಚಿದ ಹಾವಿನಂತೆ ಕಾಣುವ ರೊಟ್ಟಿ.

ಹಾವಿಗೆ ಹಿಂಸೆಯಲ್ಲವೇ ಎಂದು ನನಗೂ ಅನ್ನಿಸಿತ್ತು. ಹಿಡಿಯಲು ಸರ್ಕಾರದ ಅನುಮತಿ ಬೇಕು. ತಜ್ಞರು ಹಾವುಗಳ ಅಳತೆ ತೆಗೆದು ಆರೋಗ್ಯ ನೋಡುತ್ತಾರೆ. ಹಬ್ಬ ಮುಗಿದ ಮೇಲೆ ಹಿಡಿದ ಜಾಗದಲ್ಲೇ ಬಿಡಬೇಕು. ಆದರೂ ಅಷ್ಟು ಗದ್ದಲದಲ್ಲಿ ಅವಕ್ಕೆ ಸುಖವಿರುತ್ತದೆ ಎಂದು ನಾನು ಹೇಳಲಾರೆ.

ಇನ್ನು ನಿಮ್ಮ ಭಯ. ಜನ ಹಾವನ್ನು ಕೊರಳಿಗೆ ಹಾಕಿಕೊಂಡೇ ಓಣಿಯಲ್ಲಿ ತಿರುಗುತ್ತಿರುತ್ತಾರೆ, ಚೌಕದಲ್ಲಿ ನಿಂತರೆ ಮೈಗೆ ತಾಗುವುದು ಖಂಡಿತ. ಯಾವುದಾದರೂ ಮನೆಯ ಎತ್ತರದ ಮೆಟ್ಟಿಲು ಹಿಡಿದುಕೊಳ್ಳಿ. ಯಜಮಾನರು ಕೆಳಗೆ ಹೋಗಲಿ. ಸ್ವೆಟರ್ ಮರೆಯಬೇಡಿ, ಮೇ ತಿಂಗಳಲ್ಲೂ ಅಲ್ಲಿ ಗಾಳಿ ಕೊರೆಯುತ್ತದೆ.