ಮರದ ದಿಮ್ಮಿಗಳನ್ನು ಕೈಯಿಂದಲೇ ಹೊರಳಿಸಬೇಕಾದ ಕೈಚಾಲಿತ ಸಂಚಾರಿ ಗರಗಸ ಯಂತ್ರವನ್ನು ಬಿಟ್ಟು, ಎಣ್ಣೆಯ ಒತ್ತಡದಿಂದ ಆ ಕೆಲಸ ಮಾಡುವ ಹೈಡ್ರಾಲಿಕ್ ಯಂತ್ರ ಕೊಳ್ಳುವುದು ಲಾಭಕರವೇ?
ಕೊಯ್ತದ ವೇಗ ಹೆಚ್ಚಲೆಂದು ಬದಲಾಯಿಸುವುದಾದರೆ ನಿರಾಶೆಯಾದೀತು. ಅದನ್ನು ನಿರ್ಧರಿಸುವುದು ಮುಖ್ಯವಾಗಿ ಎಂಜಿನ್ನಿನ ಶಕ್ತಿ ಮತ್ತು ಬ್ಲೇಡಿನ ಹರಿತವೇ ಹೊರತು ಹೈಡ್ರಾಲಿಕ್ ವ್ಯವಸ್ಥೆಯಲ್ಲ. ಅದು ಉಳಿಸುವುದು ಎರಡು ಕೊಯ್ತಗಳ ನಡುವಿನ ಸಮಯವನ್ನು ಮತ್ತು ನಿಮ್ಮ ಬೆನ್ನನ್ನು. 60 ಸೆಂ.ಮೀ. ವ್ಯಾಸದ, 3 ಮೀಟರ್ ಉದ್ದದ ಹಸಿ ದಿಮ್ಮಿಯೊಂದು ಸುಮಾರು 800 ಕಿಲೋ ತೂಗಬಲ್ಲದು. ಅದನ್ನು ಹಾರೆಯಿಂದ ಮೀಟಿ ಮೇಲೇರಿಸಿ, ಮಗ್ಗುಲು ಬದಲಿಸಬೇಕಾದಾಗಲೆಲ್ಲ ಹೊರಳಿಸಿ, ಮತ್ತೆ ಬಿಗಿಯುವ ಹೆಣಗಾಟವನ್ನು ಹೈಡ್ರಾಲಿಕ್ ತೋಳುಗಳು ಲಿವರ್ ಎಳೆದಷ್ಟಕ್ಕೇ ಮುಗಿಸುತ್ತವೆ.

ಯಂತ್ರದ ಬೆಲೆ, ತೂಕ, ನಿರ್ವಹಣೆ ಮೂರೂ ಹೆಚ್ಚುತ್ತವೆ. ಅಪರೂಪಕ್ಕೆ ಸಣ್ಣ ದಿಮ್ಮಿ ಕೊಯ್ಯುವವರಿಗೆ ಕೈಯಂತ್ರವೇ ಸಾಕು; ದಪ್ಪ ದಿಮ್ಮಿಗಳೊಡನೆ ದಿನವಿಡೀ ಒಬ್ಬರೇ ದುಡಿಯುವವರು ಮಾತ್ರ ಬದಲಾಯಿಸುವುದು ಸರಿಯೆಂದು ನನ್ನ ಅಭಿಪ್ರಾಯ. ಅಂದಹಾಗೆ, ಹೈಡ್ರಾಲಿಕ್ ಎಣ್ಣೆಯ ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ. ಒತ್ತಡದಲ್ಲಿ ಚಿಮ್ಮುವ ಎಣ್ಣೆಯು ಚರ್ಮವನ್ನು ತೂರಿ ಒಳಹೊಗಬಲ್ಲದಾದ್ದರಿಂದ ರಟ್ಟಿನ ತುಂಡೊಂದನ್ನು ಹಿಡಿದು ನೋಡಿ.